ಬೆಳ್ಳಿಯ ಎಳೆ ಕಾಣುತ್ತದೆ, ಹೊಸ್ತಿಲು ಕಾಣುವುದಿಲ್ಲ

ಬೀದರಿನ ಚೌಬಾರಾ ಕಡೆ ಹೋದಾಗಲೆಲ್ಲ ಒಂದು ಬಿದರಿ ಅಂಗಡಿಯಲ್ಲಿ ಹತ್ತು ನಿಮಿಷ ಕೂತು ಬರುವುದು ನನ್ನ ರೂಢಿ. ಅಲ್ಲಿಯ ಚಾಚಾಗೆ ಅರವತ್ತು ದಾಟಿದೆ. ಹೂದಾನಿಯ ಮೈಮೇಲೆ ಕೊರೆದ ಕೂದಲೆಳೆಯಂಥ ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ತಂತಿ ಗೆರೆ ತಪ್ಪಿದ್ದನ್ನು ನಾನು ನೋಡಿಲ್ಲ. ಆದರೆ ಹೋದ ವರ್ಷ, ಮೊಣಕಾಲ ಪಕ್ಕದಲ್ಲೇ ಇಟ್ಟಿದ್ದ ಚಹಾದ ಕಪ್ಪನ್ನು ನನ್ನೆದುರಿಗೇ ಎರಡು ಸಲ ಒದ್ದು ಚೆಲ್ಲಿದರು. ಅಂಗಡಿಯ ಹೊಸ್ತಿಲಿಗೆ ಎಡವಿದ್ದಕ್ಕಂತೂ ಲೆಕ್ಕವಿಲ್ಲ.

"ಚಾಚಾ, ಒಮ್ಮೆ ಕಣ್ಣು ತೋರಿಸ್ಕೊಳ್ರಿ" ಅಂದೆ.

"ಕಣ್ಣಿಗೇನ್ ಆಗ್ಯಾದ್ರಿ? ಈ ತಾರ್ ನಿಮಗ ಕಾಣ್ತದೇನು? ನನಗ ಛಲೋ ಕಾಣ್ತದ. ವಯಸ್ಸಾಯ್ತು, ಕಾಲು ಮಾತು ಕೇಳವಲ್ಲವು."

ತಪ್ಪು ಕಾಲಿನದಾಗಿರಲಿಲ್ಲ. ಕನ್ನಡಕದ ನಂಬರ್ ಬದಲಿಸಲೆಂದು ಹೋದಾಗ ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿದರು. ಎರಡೂ ಕಣ್ಣಿನ ದೃಷ್ಟಿನರ ಸವೆದಿತ್ತು. ಗ್ಲಾಕೋಮಾ. ನೋಟದ ಕೆಳಭಾಗದಲ್ಲಿ ದೊಡ್ಡ ಪಾಲು ಆಗಲೇ ಹೋಗಿತ್ತು. ನಟ್ಟನಡುವಿನ ನೋಟ ಮಾತ್ರ ಚೊಕ್ಕವಾಗಿ ಉಳಿದಿತ್ತು. ಬೆಳ್ಳಿ ಕೂಡಿಸಲು ಬೇಕಾದದ್ದು ಅದೊಂದೇ.

ಇಷ್ಟು ಹೋದರೂ ಮನುಷ್ಯನಿಗೆ ಗೊತ್ತಾಗುವುದಿಲ್ಲವೇ? ಬಿಳಿ ಹಾಳೆಯ ಮೇಲೆ ಎಡಕ್ಕೊಂದು ಗುಣಿಸು ಚಿಹ್ನೆ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ತೊಗರಿ ಕಾಳಿನಷ್ಟು ದೊಡ್ಡ ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗುಣಿಸು ಚಿಹ್ನೆಯ ಮೇಲೇ ನೆಟ್ಟು, ಹಾಳೆಯನ್ನು ಮೆಲ್ಲಗೆ ಹತ್ತಿರ ತನ್ನಿ, ದೂರ ಒಯ್ಯಿರಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಅದಿದ್ದ ಜಾಗದಲ್ಲಿ ತೂತೂ ಕಾಣದು, ಕತ್ತಲೆಯೂ ಕಾಣದು. ಬಿಳಿ ಹಾಳೆಯೇ ಕಾಣುತ್ತದೆ. 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮ್ ಮಾರಿಯೋಟ್ ಗುರುತಿಸಿದ ಕುರುಡು ಚುಕ್ಕೆ ಇದು. ಅಕ್ಷಿಪಟದ ನರದೆಳೆಗಳೆಲ್ಲ ಒಟ್ಟುಗೂಡಿ ಕಣ್ಣಿನಿಂದ ಹೊರಬೀಳುವ ಬಾಗಿಲು ಅಲ್ಲಿದೆ, ಹಾಗಾಗಿ ಬೆಳಕು ಹಿಡಿಯುವ ಕೋಶಗಳು ಅಲ್ಲಿಲ್ಲ. ಆ ಖಾಲಿ ಜಾಗವನ್ನು ಮಿದುಳು ಸುತ್ತಲಿನ ಬಣ್ಣದಿಂದಲೇ ತೇಪೆ ಹಾಕಿ ಮುಚ್ಚಿಬಿಡುತ್ತದೆ.

ಗ್ಲಾಕೋಮಾ ಏಟು ಕೊಡುವುದೂ ಆ ಬಾಗಿಲಲ್ಲೇ. ಎಳೆಗಳು ಸತ್ತಂತೆ ಖಾಲಿ ಜಾಗ ಹಿಗ್ಗುತ್ತದೆ, ತೇಪೆಯೂ ಹಿಗ್ಗುತ್ತದೆ. ಒಂದು ಕಣ್ಣು ಕಳೆದುಕೊಂಡದ್ದನ್ನು ಇನ್ನೊಂದು ಕಣ್ಣು ಬಹುಕಾಲ ತುಂಬಿಕೊಡುತ್ತದೆ. ಆಸ್ಪತ್ರೆ ಗೋಡೆಯ ಚಿತ್ರಗಳಲ್ಲಿ ಸುತ್ತ ಕಪ್ಪು, ನಡುವೆ ಬೆಳಕು ಬರೆದು 'ರೋಗಿಗೆ ಹೀಗೆ ಕಾಣುತ್ತದೆ' ಅನ್ನುತ್ತಾರಲ್ಲ, ಆ ಚಿತ್ರಗಳ ಮೇಲೆ ನನಗೆ ಸಿಟ್ಟಿದೆ. ಅಂಥ ಕಪ್ಪು ಸುರಂಗಕ್ಕೆ ಕಾದು ಕೂತವರು ತಮಗೇನೂ ಆಗಿಲ್ಲವೆಂದೇ ತಿಳಿಯುತ್ತಾರೆ. ಚಾಚಾಗೆ ಹೊಸ್ತಿಲಿದ್ದ ಕಡೆ ಬರೀ ನೆಲ ಕಂಡಿತ್ತು.

ನರ ಯಾಕೆ ಸವೆಯುತ್ತದೆ? ಬೀದರಿನ ಪಕ್ಕದ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಅನ್ನುತ್ತಾರೆ. ನೆಲದೊಳಗಿನ ನೀರು ಇಳಿಜಾರು ಸುರಂಗದಲ್ಲಿ ತಾನಾಗಿ ಹರಿದು ಹೋಗಬೇಕು. ಹೂಳು ತುಂಬಿದರೆ ನೀರು ಹಿಂದಕ್ಕೆ ಒತ್ತುತ್ತದೆ. ಕಣ್ಣಿನೊಳಗೂ ಇಂಥದೊಂದು ಹರಿವಿದೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ಪಾಪೆಯ ಸುತ್ತಲಿನ ಬಣ್ಣದ ಪರದೆಯ ಹಿಂದೆ ತಿಳಿನೀರು ಒಸರಿ, ಪಾಪೆಯ ಮೂಲಕ ಮುಂದೆ ಬಂದು, ಪರದೆಯೂ ಕಣ್ಣಿನ ಮುಂದಿನ ಗಾಜಿನಂಥ ಪದರವಾದ ಕಾರ್ನಿಯಾವೂ ಕೂಡುವ ಮೂಲೆಯ ಜಾಲರಿಯಿಂದ ಹೊರಗೆ ಹೋಗಿ ರಕ್ತ ಸೇರುತ್ತದೆ. ಒಸರುವುದು ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್, ಔಷಧದ ಬಾಟಲಿಯ ಒಂದು ಹನಿಯಷ್ಟಾಗಲು 20 ನಿಮಿಷ ಬೇಕು. ಜಾಲರಿ ಬಿಗಿದುಕೊಂಡರೆ ಇಷ್ಟೇ ನೀರು ಒಳಗೆ ಒತ್ತಡ ಏರಿಸುತ್ತದೆ. ಹತ್ತು ಲಕ್ಷಕ್ಕೂ ಮಿಕ್ಕಿದ ನರದೆಳೆಗಳು ಜರಡಿಯಂಥ ಒಂದು ಪದರದ ತೂತುಗಳಲ್ಲಿ ತೂರಿ ಹೊರಹೋಗುವ ಕಡೆ ಆ ಒತ್ತಡ ಅವನ್ನು ಹಿಂಡುತ್ತದೆ.

ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರ್ ನಡುವೆ ಇರುತ್ತದೆ. ಆದರೆ 16 ಬಂದರೂ ಕೆಲವರ ನರ ಸವೆಯುತ್ತದೆ, 24 ಇದ್ದರೂ ಕೆಲವರದು ಗಟ್ಟಿಯಾಗಿರುತ್ತದೆ. ಅದಕ್ಕೇ ನರವನ್ನು ಕಣ್ಣಾರೆ ನೋಡಬೇಕು, ನೋಟದ ಹರವನ್ನು ಅಳೆಯಬೇಕು. ಶಿಬಿರದಲ್ಲಿ ಟಾರ್ಚ್ ಬಿಟ್ಟು 'ಪೊರೆ ಇಲ್ಲ' ಅಂದರೆ ಅಷ್ಟೇ ಅರ್ಥ, ಪೊರೆ ಇಲ್ಲ.

ನಮ್ಮ ಕಡೆ ಹೆಸರೇ ಗೊಂದಲ ಹುಟ್ಟಿಸುತ್ತದೆ. ಪೊರೆಗೆ ಮೋತಿಬಿಂದು, ಗ್ಲಾಕೋಮಾಗೆ ಕಾಲಾ ಮೋತಿಯಾ. ಕೇಳಿದವರಿಗೆ ಅಣ್ಣತಮ್ಮಂದಿರ ಹಾಗೆ ಅನಿಸುತ್ತದೆ. ಮೋತಿಬಿಂದು 'ಹಣ್ಣಾಗಲಿ, ಆಮೇಲೆ ತೆಗೆಸೋಣ' ಎಂದು ಕಾಯುವುದು ಹಳೆಯ ರೂಢಿ. ಕಾದರೂ ಆಪರೇಷನ್ ಆದಮೇಲೆ ಸಾಮಾನ್ಯವಾಗಿ ನೋಟ ಮರಳುತ್ತದೆ. ಅದೇ ರೂಢಿಯಲ್ಲಿ ಕಾಲಾ ಮೋತಿಯಾವನ್ನೂ ಹಣ್ಣಾಗಲು ಬಿಟ್ಟವರನ್ನು ನಾನು ಬಲ್ಲೆ. ಸತ್ತ ನರದೆಳೆಯನ್ನು ಚಿಗುರಿಸುವ ಔಷಧ ಇವತ್ತಿಗೂ ಇಲ್ಲ.

ಸದ್ದಿಲ್ಲದೆ ಬರುವ ಬಗೆ ಇದಾದರೆ, ಗಲಾಟೆ ಮಾಡಿಕೊಂಡು ಬರುವುದೂ ಒಂದಿದೆ. ಬಣ್ಣದ ಪರದೆ ಸರಿದು ಮೂಲೆಯ ಬಾಯಿಯನ್ನೇ ಮುಚ್ಚಿದರೆ ಒತ್ತಡ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಕಣ್ಣು ಕೆಂಪು, ತಲೆ ಸಿಡಿತ, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು. ಪಿತ್ತವೆಂದು ಲಿಂಬಿ ಶರಬತ್ತು ಕುಡಿಸಿ ಮಲಗಿಸಬೇಡಿ, ಆ ರಾತ್ರಿಯೇ ಕಣ್ಣಿನ ಆಸ್ಪತ್ರೆಗೆ ಒಯ್ಯಿರಿ. ಈ ಬಗೆ ಯುರೋಪಿನವರಿಗಿಂತ ಏಷ್ಯಾದವರಲ್ಲಿ ಹೆಚ್ಚು.

ನನಗೆ ಹೆಚ್ಚು ಭಯ ಮೂರನೆಯದರದು, ಅದನ್ನು ನಾವೇ ದುಡ್ಡು ಕೊಟ್ಟು ತರುತ್ತೇವೆ. ತೊಗರಿ ರಾಶಿಯ ಧೂಳು, ಅದರ ಬೆನ್ನಿಗೆ ಬೇಸಿಗೆ. ಮಕ್ಕಳು ಕಣ್ಣು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಳ್ಳುತ್ತಾರೆ. ಒಮ್ಮೆ ವೈದ್ಯರು ಬರೆದ ಹನಿ ಹಾಕಿದ್ದೇ ತಡ, ಎರಡು ದಿನದಲ್ಲಿ ತುರಿಕೆ ಮಂಗಮಾಯ. ಆಮೇಲೆ ತುರಿಕೆ ಬಂದಾಗೆಲ್ಲ ಖಾಲಿ ಬಾಟಲಿ ಹಿಡಿದು ಮೆಡಿಕಲ್ ಅಂಗಡಿಗೆ, 'ಇದೇ ಕೊಡ್ರಿ'. ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ವೈದ್ಯರ ಕಣ್ಣಳತೆಯಲ್ಲಿ ಕೆಲವು ದಿನ ಹಾಕಿದರೆ ಒಳ್ಳೆಯ ಔಷಧವೇ. ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಆ ಜಾಲರಿಯನ್ನೇ ಬಿಗಿಗೊಳಿಸುತ್ತದೆ, ಮಕ್ಕಳಲ್ಲಿ ಒತ್ತಡ ಇನ್ನೂ ಬೇಗ ಏರಬಹುದು. ಶಾಲೆಯ ಹುಡುಗನಿಗೆ ಗ್ಲಾಕೋಮಾ ಬಂದಿತೆಂದರೆ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಒಂದು, ಯಾವ ಹನಿ ಹಾಕುತ್ತಿದ್ದಿರಿ ಎಂಬುದು.

ಚಾಚಾಗೆ ಈಗ ರಾತ್ರಿ ಮಲಗುವಾಗ ಕಣ್ಣಿಗೊಂದು ಹನಿ ಲ್ಯಾಟನೊಪ್ರೋಸ್ಟ್. ನೀರಿಗೆ ಹೊರಹೋಗಲು ಇನ್ನೊಂದು ದಾರಿಯನ್ನು ಅದು ಸಡಿಲ ಮಾಡುತ್ತದೆ. ಟಿಮೊಲೋಲ್ ಆದರೆ ಒಸರುವುದನ್ನೇ ಕಡಿಮೆ ಮಾಡುತ್ತದೆ, ಆದರೆ ದಮ್ಮು ಇದ್ದವರಿಗೆ ಅದು ಅಪಾಯ, ವೈದ್ಯರಿಗೆ ಮೊದಲೇ ಹೇಳಬೇಕು. ಹನಿ ಸಾಲದಿದ್ದರೆ ಲೇಸರ್ ಇದೆ, ಆಪರೇಷನ್ ಇದೆ. ಕಣ್ಣಲ್ಲಿ ಒಂದು ಹನಿಗಷ್ಟೇ ಜಾಗ, ಎರಡನೆಯದು ಕೆನ್ನೆಗೆ ಹರಿಯುತ್ತದೆ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯದೆ ಕಣ್ಣಲ್ಲೇ ನಿಲ್ಲುತ್ತದೆ.

ಮೂರನೇ ತಿಂಗಳಿಗೆ ಚಾಚಾ ಹನಿ ನಿಲ್ಲಿಸಿದ್ದರು. "ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಉರಿ ಒಂದೇ ಹೆಚ್ಚು." ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನೋವಿಲ್ಲದ ರೋಗಕ್ಕೆ, ಗುಣ ಕಾಣದ ಔಷಧವನ್ನು, ಬದುಕಿರುವ ತನಕ ಹಾಕು ಅಂದರೆ ಯಾರಿಗಾದರೂ ಬೇಸರವೇ. ಸೊಸೆ ಈಗ ಇಶಾ ನಮಾಜಿನ ನಂತರ ತಾನೇ ಹಾಕುತ್ತಾಳೆ. ಆ ಹನಿಯಿಂದ ಅವರ ಕಣ್ರೆಪ್ಪೆಯ ಕೂದಲು ಉದ್ದ ಬೆಳೆದಿದೆ, ಮೊಮ್ಮಕ್ಕಳು ಸುರ್ಮಾ ಬೇಕೇನೆಂದು ಕಾಡುತ್ತವೆ.

ಅಣ್ಣನಿಗೆ ಬಂದರೆ ತಮ್ಮನಿಗೂ ಬರುವ ಸಾಧ್ಯತೆ ಉಳಿದವರಿಗಿಂತ ಎಷ್ಟೋ ಹೆಚ್ಚು. ಹಾಗಾಗಿ ಹೋದ ತಿಂಗಳು ಅವರ ತಮ್ಮನನ್ನೂ ಕರೆದೊಯ್ದೆವು. ಒತ್ತಡ 17 ಬಂತು. "ನೋಡ್ರಿ, ನನಗೇನಿಲ್ಲ" ಎಂದು ಎದ್ದೇ ಬಿಟ್ಟಿದ್ದರು. ನರ ನೋಡಿದ ವೈದ್ಯರು ನೋಟದ ಹರವಿನ ಪರೀಕ್ಷೆಗೆ ಕೂಡಿಸಿದರು. ಬೋಗುಣಿಯಂಥ ಯಂತ್ರಕ್ಕೆ ಗದ್ದ ಊರಿ, ನಡುವಿನ ದೀಪ ನೋಡುತ್ತಾ, ಅಲ್ಲಿಲ್ಲಿ ಮಿಣುಕು ಕಂಡಾಗೆಲ್ಲ ಗುಂಡಿ ಒತ್ತಬೇಕು. ಅವರು ಕಂಡದ್ದಕ್ಕೂ ಒತ್ತಿದರು, ಕಾಣದ್ದಕ್ಕೂ ಒತ್ತಿದರು. ಕೊನೆಗೆ ಕಾಗದ ನೋಡಿದ ಹುಡುಗಿ ನಕ್ಕು, "ಕಾಕಾ, ಇನ್ನೊಮ್ಮೆ ಕೂಡ್ರಿ, ಕಂಡಾಗ ಅಷ್ಟೇ ಒತ್ರಿ" ಅಂದಳು.