ಸ್ನಾನ ಮಾಡುವಾಗಲೇ ಐಡಿಯಾ ಹೊಳೆಯುವುದು ಯಾಕೆ?

ಪ್ರಶ್ನೆ: ಮೇಜಿನ ಮುಂದೆ ಗಂಟೆಗಟ್ಟಲೆ ಕೂತರೂ ಏನೂ ಹೊಳೆಯುವುದಿಲ್ಲ. ಸ್ನಾನಕ್ಕೆ ಹೋದರೆ ತಲೆ ಮೇಲೆ ನೀರು ಬಿದ್ದ ಕೂಡಲೇ ಐಡಿಯಾ ಬರುತ್ತದೆ. ಯಾಕೆ ಹೀಗೆ? ಬೇಕೆಂದಾಗ ಬರುವ ಹಾಗೆ ಮಾಡಬಹುದಾ?

ನೀರಿನಲ್ಲಿ ಅಂಥದ್ದೇನೂ ಇಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗಲೂ ಹೀಗೇ ಆಗುತ್ತದೆ. ಕೈಗೆ ಕೆಲಸ ಇರಬೇಕು, ತಲೆಗೆ ಜಾಸ್ತಿ ಇರಬಾರದು.

ಮೇಜಿನ ಮುಂದೆ ಕೂತಾಗ ಎಷ್ಟೋ ಸಲ ನಾವು ಒಂದು ತಪ್ಪು ದಾರಿ ಹಿಡಿದಿರುತ್ತೇವೆ. ಮನಸ್ಸು ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ. ಮೊನ್ನೆ ನಾನು ಒಂದು ಬರಹಕ್ಕೆ ತಲೆಬರಹ ಹುಡುಕುತ್ತಿದ್ದೆ. ಅದರಲ್ಲಿ ‘ಗೋಡೆ’ ಅನ್ನುವ ಪದ ಇರಲೇಬೇಕು ಅಂತ ಹಠ. ಒಂಬತ್ತು ಸಲ ಬರೆದು, ಒಂಬತ್ತು ಸಲ ಹೊಡೆದು ಹಾಕಿದೆ. ಸಾಕಾಗಿ ಎದ್ದು ಲೋಟ ತೊಳೆಯುತ್ತಾ ನಿಂತಾಗ ಹೊಳೆಯಿತು: ಆ ಪದವೇ ಬೇಡ! ದೂರ ಹೋದಾಗ ಹಠ ಸಡಿಲವಾಯಿತು, ಅಷ್ಟೇ.

ಆಗ ಮಿದುಳೇನೂ ರಜೆ ಹಾಕಿರುವುದಿಲ್ಲ. ಹೊರಗಿನ ಕೆಲಸದ ಮೇಲೆ ಗಮನ ಇಲ್ಲದಾಗ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗುತ್ತವೆ ಎಂದು ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದರು. ಇದಕ್ಕೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅಂತ ಹೆಸರು. ಹಗಲುಗನಸು, ಹಳೆಯ ನೆನಪು ಎಲ್ಲ ಇದರ ಕಡೆಯದೇ. ಹೊಸದನ್ನು ಯೋಚಿಸುವಾಗ ಇದರ ಜೊತೆಗೆ ಗಮನ ಹಿಡಿದಿಡುವ ಭಾಗಗಳೂ ಸೇರಿಕೊಳ್ಳುತ್ತವೆ. ಎಡ ಮಿದುಳು ಲೆಕ್ಕಕ್ಕೆ, ಬಲ ಮಿದುಳು ಕಲೆಗೆ ಅನ್ನುವುದು ಬರೀ ಕಟ್ಟುಕತೆ.

ಹಾಗಂತ ಸುಮ್ನೆ ಸ್ನಾನ ಮಾಡುತ್ತಾ ಕೂತರೆ ಆಗುವುದಿಲ್ಲ. ಫ್ರೆಂಚ್ ಗಣಿತಜ್ಞ ಆನ್ರಿ ಪಾಂಕಾರೆಗೆ ಬಂಡಿಯ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದ ಹಾಗೇ ಒಂದು ದೊಡ್ಡ ವಿಷಯ ಹೊಳೆಯಿತು. ಈ ಕತೆ ಹೇಳುವವರು ಅದರ ಹಿಂದಿನ ಭಾಗ ಬಿಟ್ಟುಬಿಡುತ್ತಾರೆ. ಅದಕ್ಕೂ ಮೊದಲು ಪಾಂಕಾರೆ ಹದಿನೈದು ದಿನ, ದಿನಾ ಒಂದೆರಡು ಗಂಟೆ ಮೇಜಿನ ಮುಂದೆ ಕೂತು ಅದೇ ವಿಷಯದ ಜೊತೆ ಗುದ್ದಾಡಿದ್ದರು. ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಹೇಳಿದ್ದೂ ಇದನ್ನೇ: ಮೊದಲು ತಯಾರಿ, ಆಮೇಲೆ ಕಾವು, ನಂತರ ಹೊಳಹು, ಕೊನೆಗೆ ಪರೀಕ್ಷೆ. ಮೊಟ್ಟೆಯೇ ಇಲ್ಲದೆ ಕಾವು ಕೂತರೆ ಮರಿ ಎಲ್ಲಿಂದ ಬರಬೇಕು, ಅಲ್ವಾ?

ಹಾಗಾಗಿ ಮೊದಲು ಕೂತು ಒದ್ದಾಡಿ. ಇಲ್ಲಿ ಒಂದು ಮೋಸ ಇದೆ. ನಾಲ್ಕೈದು ಐಡಿಯಾ ಬರೆದ ಮೇಲೆ ‘ಇನ್ನು ಖಾಲಿ’ ಅನ್ನಿಸುತ್ತದೆ. ಅದನ್ನು ನಂಬಬೇಡಿ. ಹೊತ್ತು ಕಳೆದ ಹಾಗೆ ನಮ್ಮ ಐಡಿಯಾಗಳು ಸಪ್ಪೆಯಾಗುತ್ತವೆ ಅಂದುಕೊಳ್ಳುತ್ತೇವೆ, ನಿಜವಾಗಿ ಹಾಗಾಗುವುದಿಲ್ಲ ಎಂದು 2020ರ ಒಂದು ಅಧ್ಯಯನ ತೋರಿಸಿದೆ. ಇನ್ನೂ ಹತ್ತು ಬರೆಯಿರಿ. ಆಮೇಲೆ ಏಳಿ.

ಎದ್ದವರು ನಡೆಯಿರಿ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕೂತವರನ್ನೂ ನಡೆಯುವವರನ್ನೂ ಹೋಲಿಸಿದರು. ಒಂದು ವಸ್ತುವಿಗೆ ಬೇರೆ ಬೇರೆ ಉಪಯೋಗ ಹುಡುಕುವಂಥ ಪರೀಕ್ಷೆಗಳವು. ನಡೆಯುವಾಗ ಹೊಸ ಐಡಿಯಾಗಳು ಸರಾಸರಿ 60 ಶೇಕಡಾ ಹೆಚ್ಚಾದವು. ತಮಾಷೆ ಅಂದರೆ, ಖಾಲಿ ಗೋಡೆ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಲಾಭವಾಯಿತು. ಒಂದೇ ಸರಿ ಉತ್ತರ ಇರುವ ಪ್ರಶ್ನೆಗಳಿಗೆ ಮಾತ್ರ ನಡಿಗೆ ಅಷ್ಟು ಕೆಲಸ ಮಾಡಲಿಲ್ಲ.

ನಡೆಯುವಾಗ ಫೋನ್ ನೋಡಬೇಡಿ. ಅದು ವಿರಾಮದಂತೆ ಕಾಣುತ್ತದೆ, ಆದರೆ ಮನಸ್ಸು ಅಲೆಯುವುದಕ್ಕೆ ಜಾಗವೇ ಬಿಡುವುದಿಲ್ಲ. ಬಚ್ಚಲಿನ ಹೊರಗೆ ಒಂದು ಚೀಟಿ, ಪೆನ್ನು ಇಟ್ಟಿರಿ. ಮೈ ಒರೆಸಿಕೊಳ್ಳುವಷ್ಟರಲ್ಲಿ ಮರೆತು ಪೇಚಾಡಿದ್ದು ನನಗೆ ಒಂದೆರಡು ಸಲವಲ್ಲ.