ಸ್ಟಾಲಿನ್‌ನ ಸಭೆಗಳಲ್ಲಿ ನಾಯಕರು ಗೀಚಿದ ಕಾರ್ಟೂನುಗಳು

1930ರ ಒಂದು ಚಿತ್ರ. ಬೆತ್ತಲೆ ಮನುಷ್ಯನೊಬ್ಬ ಹಗ್ಗದಲ್ಲಿ ನೇತಾಡುತ್ತಿದ್ದಾನೆ. ಹಗ್ಗ ಬಿಗಿದಿರುವುದು ಅವನ ಬೀಜಗಳಿಗೆ. ಆತ ಸೋವಿಯತ್ ಒಕ್ಕೂಟದ ಹಣಕಾಸು ಕಮಿಸಾರ್, ಅಂದರೆ ಹಣಕಾಸು ಮಂತ್ರಿ, ನಿಕೊಲಾಯ್ ಬ್ರ್ಯುಖಾನೋವ್. ಜೊತೆಗೆ ಪಾಲಿಟ್‌ಬ್ಯೂರೋ, ಅಂದರೆ ಕಮ್ಯುನಿಸ್ಟ್ ಪಕ್ಷದ ಉನ್ನತ ಸಮಿತಿಯ ಸದಸ್ಯರಿಗೆ ಸ್ಟಾಲಿನ್ ಬರೆದ ಟಿಪ್ಪಣಿಯೂ ಇದೆ: ಮಾಡಿದ ಪಾಪಕ್ಕೂ, ಮುಂದೆ ಮಾಡಲಿರುವ ಪಾಪಕ್ಕೂ ಇವನನ್ನು ಹೀಗೇ ನೇತು ಹಾಕಿ. ತಡೆದುಕೊಂಡರೆ ಕೋರ್ಟು ಖುಲಾಸೆ ಮಾಡಿತು ಅಂದುಕೊಳ್ಳಿ. ಇಲ್ಲದಿದ್ದರೆ ನದಿಗೆ ಎಸೆಯಿರಿ.

ಇದು ತಮಾಷೆ. ಆ ಹೊತ್ತಿಗೆ ಎಲ್ಲರೂ ನಕ್ಕಿರಬೇಕು.

ಮಾಸ್ಕೋದಲ್ಲಿ ಹಿಂದೆ ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದ್ದ ಪತ್ರಾಗಾರದಲ್ಲಿ ಇಂಥ ಚಿತ್ರಗಳ ದೊಡ್ಡ ಸಂಗ್ರಹವೇ ಇದೆ. ಹೆಚ್ಚಿನವು 1920 ಮತ್ತು 30ರ ದಶಕದವು. ಬರೆದವರು ವೃತ್ತಿಯ ಕಲಾವಿದರಲ್ಲ, ಸಭೆಯಲ್ಲಿ ಕೂತಿದ್ದ ನಾಯಕರೇ. ಭಾಷಣಗಳು ಗಂಟೆಗಟ್ಟಲೆ ನಡೆಯುತ್ತಿದ್ದವು. ಕೈಗೆ ಸಿಕ್ಕ ಕಾಗದದ ಮೇಲೆ ಎದುರಿಗಿದ್ದವನ ಮೂಗು, ಹೊಟ್ಟೆ, ಬೋಳುತಲೆ ಗೀಚುವುದು, ಮೇಜಿನ ಕೆಳಗೆ ಪಕ್ಕದವನಿಗೆ ದಾಟಿಸುವುದು. ಕೊನೇ ಬೆಂಚಿನ ಹುಡುಗರ ಆಟವೇ, ಅಲ್ವಾ?

ಕೈ ಚೆನ್ನಾಗಿ ಪಳಗಿದ್ದು ಇಬ್ಬರಿಗೆ. ಒಬ್ಬ, ಪಕ್ಷದ ಪತ್ರಿಕೆ 'ಪ್ರಾವ್ದಾ'ದ ಸಂಪಾದಕನಾಗಿದ್ದ ನಿಕೊಲಾಯ್ ಬುಖಾರಿನ್. ಸ್ಟಾಲಿನ್‌ನನ್ನೂ ಬಿಡದೆ ಬರೆದವನು. ಇನ್ನೊಬ್ಬ ವಲೆರಿ ಮೆಝ್ಲೌಕ್, 1934ರಿಂದ ಯೋಜನಾ ಆಯೋಗದ ಮುಖ್ಯಸ್ಥ. ಬ್ರ್ಯುಖಾನೋವ್ ಚಿತ್ರ ಇವನದೇ ಎನ್ನುತ್ತಾರೆ.

ಹೊರಗಿನ ನಗುವಿಗೆ ಬೇರೆ ಲೆಕ್ಕ ಇತ್ತು. 1922ರಲ್ಲಿ ಶುರುವಾದ ಹಾಸ್ಯ ಪತ್ರಿಕೆ 'ಕ್ರೊಕೊಡಿಲ್' ಕುಡುಕರನ್ನು, ಪಾದ್ರಿಗಳನ್ನು, ಸಣ್ಣಪುಟ್ಟ ಅಧಿಕಾರಿಗಳನ್ನು ಗೇಲಿ ಮಾಡಬಹುದಿತ್ತು. ಆದರೆ 30ರ ದಶಕದಲ್ಲಿ ಸ್ಟಾಲಿನ್ ಬಗ್ಗೆ ಒಂದು ಜೋಕ್ ಹೇಳಿ ಸಿಕ್ಕಿಬಿದ್ದ ಕೂಲಿಗೂ ಬಲವಂತದ ದುಡಿಮೆಯ ಶಿಬಿರದಲ್ಲಿ ವರ್ಷಗಟ್ಟಲೆ ಶಿಕ್ಷೆಯಾಗುತ್ತಿತ್ತು. ಒಳಗಿನವರಿಗೆ ಮಾತ್ರ ಸಲಿಗೆ. ಆ ಸಲಿಗೆಯೂ ಎಷ್ಟು ದಿನ?

ಬ್ರ್ಯುಖಾನೋವ್ ಕಥೆಯನ್ನೇ ನೋಡಿ. 1928ರಲ್ಲಿ ಶುರುವಾದ ಪಂಚವಾರ್ಷಿಕ ಯೋಜನೆಗೆ ದುಡ್ಡು ಸಾಲದೆ ಸರ್ಕಾರ ನೋಟು ಮುದ್ರಿಸುತ್ತಲೇ ಹೋಯಿತು. ನೋಟಿನ ಮೇಲೆ ನಂಬಿಕೆ ಹೋದ ಜನ ಬೆಳ್ಳಿ ನಾಣ್ಯಗಳನ್ನು ಮನೆಯಲ್ಲಿ ಬಚ್ಚಿಟ್ಟರು. 1930ರ ಬೇಸಿಗೆಯ ಹೊತ್ತಿಗೆ ಅಂಗಡಿಗಳಲ್ಲಿ ಚಿಲ್ಲರೆಯೇ ಇಲ್ಲ. ತಪ್ಪು ಯೋಜನೆಯದು, ಆದರೆ ಬೈಸಿಕೊಂಡದ್ದು ಹಣಕಾಸು ಇಲಾಖೆ. ಆಗಸ್ಟ್‌ನಲ್ಲಿ ಸ್ಟಾಲಿನ್ ತನ್ನ ಆಪ್ತ ಮೊಲೊಟೊವ್‌ಗೆ ಬರೆದ ಪತ್ರದಲ್ಲಿ, ಕ್ಯಾಷಿಯರುಗಳೂ ಸೇರಿದಂತೆ ಕೆಲವು ಡಜನ್ ಜನರನ್ನು ಗುಂಡಿಕ್ಕಿ ಕೊಲ್ಲಬೇಕು ಎಂದಿದ್ದ. ಅಕ್ಟೋಬರ್‌ನಲ್ಲಿ ಬ್ರ್ಯುಖಾನೋವ್ ಕುರ್ಚಿ ಹೋಯಿತು. ಆ ಕುರ್ಚಿಗೆ ಗ್ರಿಂಕೊ ಬಂದ.

ಮುಂದೆ ಸ್ಟಾಲಿನ್ ತನ್ನವರನ್ನೇ ಮುಗಿಸತೊಡಗಿದ. ಅದಕ್ಕೆ ತಾರೀಖು ಸಾಕು. 1938ರ ಮಾರ್ಚ್ 15ರಂದು ಬುಖಾರಿನ್‌ಗೆ ಗುಂಡು, ಗ್ರಿಂಕೊಗೂ ಅದೇ ದಿನ. ಜುಲೈನಲ್ಲಿ ಮೆಝ್ಲೌಕ್. ಸೆಪ್ಟೆಂಬರ್ 1ರಂದು ಬ್ರ್ಯುಖಾನೋವ್. ಬುಖಾರಿನ್ ವಿಚಾರಣೆಯಲ್ಲಿ ಸರ್ಕಾರಿ ವಕೀಲ ವಿಶಿನ್ಸ್ಕಿ ಅವನನ್ನು 'ನರಿಗೂ ಹಂದಿಗೂ ಹುಟ್ಟಿದ ಪ್ರಾಣಿ' ಎಂದು ಕರೆದ. ಅದೂ ಒಂದು ವ್ಯಂಗ್ಯಚಿತ್ರವೇ, ಆದರೆ ಈ ಸಲ ಅದರ ಕೊನೆಗೆ ಮರಣದಂಡನೆ ಇತ್ತು.

ಹಾಗಿದ್ದರೆ ಚಿತ್ರಗಳು ಉಳಿದದ್ದು ಹೇಗೆ? ಬಹಳಷ್ಟನ್ನು ಎತ್ತಿಟ್ಟುಕೊಂಡವನು ರಕ್ಷಣಾ ಕಮಿಸಾರ್ ವೊರೊಶಿಲೊವ್. ಸ್ಟಾಲಿನ್‌ನ ಹಳೇ ಗೆಳೆಯ. ಸೇನಾಧಿಕಾರಿಗಳನ್ನು ಕೊಲ್ಲುವ ಪಟ್ಟಿಗಳಿಗೆ ತಾನೂ ಸಹಿ ಹಾಕಿದವನು. ಚಿತ್ರ ಬರೆದವರು, ಚಿತ್ರದಲ್ಲಿದ್ದವರು ಒಬ್ಬೊಬ್ಬರಾಗಿ ಹೋದರು. ಸಂಗ್ರಾಹಕ ಮಾತ್ರ 88 ವರ್ಷ ಬದುಕಿ 1969ರಲ್ಲಿ ತೀರಿಕೊಂಡ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸಂಶೋಧಕರು ಪತ್ರಾಗಾರದ ಬಾಗಿಲು ದಾಟಿದರು. 2006ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ಈ ಚಿತ್ರಗಳನ್ನು ಪುಸ್ತಕವಾಗಿ ತಂದಿತು.

ಮೊದಲ ಸಲ ನೋಡಿದಾಗ ನನಗೂ ನಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೂಗುಗಳು ಅಷ್ಟು ಚೆನ್ನಾಗಿವೆ.

ಅಂದ ಹಾಗೆ, ಬ್ರ್ಯುಖಾನೋವ್‌ನ ಖುಲಾಸೆ ಕೊನೆಗೂ ಆಯಿತು, 1956ರಲ್ಲಿ. ಸತ್ತು 18 ವರ್ಷವಾಗಿತ್ತು.