ಕಳೆದ ವರ್ಷ ಯಾರಿಗೂ ಏಟಾಗಿಲ್ಲ, ಆದರೂ ಪ್ರೀಮಿಯಂ ಯಾಕೆ ಜಾಸ್ತಿ?

ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಚಿಕ್ಕ ದೋಸೆ ಹೋಟೆಲ್ ನಡೆಸುತ್ತಿದ್ದೇನೆ. ಕೆಲಸದವರು ಹನ್ನೊಂದು ಜನ. ಪ್ರತಿ ಜನವರಿ 1ಕ್ಕೆ ವರ್ಕರ್ಸ್ ಕಾಂಪ್ ಪಾಲಿಸಿ, ಅಂದರೆ ಕೆಲಸದಲ್ಲಿ ಏಟಾದವರಿಗೆ ಪರಿಹಾರ ಕೊಡುವ ವಿಮೆ, ರಿನ್ಯೂ ಆಗುತ್ತದೆ. 2024ರ ಮಾರ್ಚ್‌ನಲ್ಲಿ ಒಬ್ಬ ಹುಡುಗ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಏಟು ಮಾಡಿಕೊಂಡ. 2025ರಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದರೂ 2026ರ ಬಿಲ್ ಏರಿದೆ. ಬ್ರೋಕರ್ ಕೇಳಿದರೆ "ಬ್ಯೂರೋದಿಂದ ಹೊಸ ಎಕ್ಸ್-ಮಾಡ್ ಬಂದಿದೆ" ಅಂದರು. ಈ ಬ್ಯೂರೋ ಯಾರು? ನಾನು ಅವರಿಗೆ ಒಂದು ಕಾಗದವನ್ನೂ ಬರೆದಿಲ್ಲ. ನನ್ನ ಹೋಟೆಲಿನ ವಿಷಯ ಅವರಿಗೆ ಹೇಗೆ ಗೊತ್ತು?

ಉತ್ತರ: ಮೊದಲು ನಿಮ್ಮ ಬಿಲ್ ವಿಷಯ. ಎಕ್ಸ್-ಮಾಡ್ ಅಂದರೆ ನಿಮ್ಮ ಜಾಗದಲ್ಲಿ ಹಿಂದೆ ಆದ ಗಾಯಗಳ ಖರ್ಚು ನೋಡಿ ಪ್ರೀಮಿಯಂ ಏರಿಸುವ ಅಥವಾ ಇಳಿಸುವ ಸಂಖ್ಯೆ. 2026ರ ಎಕ್ಸ್-ಮಾಡ್ ಹಾಕುವಾಗ ಬ್ಯೂರೋ 2025ನ್ನು ನೋಡಿಯೇ ಇಲ್ಲ. ಅದು ನೋಡಿದ್ದು 2022, 2023 ಮತ್ತು 2024ರ ಪಾಲಿಸಿಗಳನ್ನು. ಆ ಹುಡುಗ ಜಾರಿ ಬಿದ್ದದ್ದು ಲೆಕ್ಕಕ್ಕೆ ಬಂದದ್ದು ಈಗಲೇ. 2025ರಲ್ಲಿ ನೀವು ಪಟ್ಟ ಎಚ್ಚರ ವ್ಯರ್ಥವಾಗಿಲ್ಲ. ಅದರ ಫಲ 2027ರಿಂದ ಕಾಣಿಸುತ್ತದೆ.

ಯಾಕೆ ಇಷ್ಟು ತಡ ಅಂತ ತಿಳಿಯಬೇಕಾದರೆ ಬ್ಯೂರೋ ವರ್ಷವಿಡೀ ಏನು ಮಾಡುತ್ತದೆ ಅಂತ ನೋಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಬಿಲ್ ಬಂದ ಮೇಲೆ ಗಾಬರಿಯಾಗುತ್ತಾರೆ. ಮಾತಾಡಬೇಕಾದ ಸಮಯ ಅದಕ್ಕೂ ಆರು ತಿಂಗಳ ಹಿಂದೆಯೇ ಕಳೆದಿರುತ್ತದೆ.

ಇದರ ಪೂರ್ತಿ ಹೆಸರು ವರ್ಕರ್ಸ್ ಕಾಂಪನ್ಸೇಶನ್ ಇನ್ಶೂರೆನ್ಸ್ ರೇಟಿಂಗ್ ಬ್ಯೂರೋ ಆಫ್ ಕ್ಯಾಲಿಫೋರ್ನಿಯಾ. ಇದು ಸರ್ಕಾರಿ ಕಚೇರಿ ಅಲ್ಲ, ವಿಮೆ ಮಾರುವ ಕಂಪನಿಯೂ ಅಲ್ಲ. ಆ ರಾಜ್ಯದಲ್ಲಿ ವರ್ಕರ್ಸ್ ಕಾಂಪ್ ವಿಮೆ ಮಾರಲು ಲೈಸೆನ್ಸ್ ಇರುವ ಕಂಪನಿಗಳೆಲ್ಲ ಸೇರಿ ನಡೆಸುವ ಸಂಘ. ಲಾಭಕ್ಕಾಗಿ ಇರುವುದಲ್ಲ. ಕಂಪನಿಗಳು ತಮ್ಮ ಪ್ರೀಮಿಯಂ ಗಾತ್ರಕ್ಕೆ ತಕ್ಕಂತೆ ಖರ್ಚು ಹಂಚಿಕೊಳ್ಳುತ್ತವೆ. ಆಡಳಿತ ಸಮಿತಿಯಲ್ಲಿ ಕಂಪನಿಗಳ ಜೊತೆಗೆ ಮಾಲೀಕರ ಪರವಾಗಿ, ಕಾರ್ಮಿಕರ ಪರವಾಗಿ ಕೂರುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಕಾರ್ಮಿಕ ಪರಿಹಾರ ಕಡ್ಡಾಯವಾದದ್ದು 1914ರಲ್ಲಿ. ಮಾರನೇ ವರ್ಷವೇ ಈ ಬ್ಯೂರೋ ಹುಟ್ಟಿತು.

ಸಂಘ ಯಾಕೆ ಬೇಕಿತ್ತು? ಹೋಟೆಲ್ ಅಡುಗೆಮನೆಯಲ್ಲಿ ನೂರು ಡಾಲರ್ ಸಂಬಳಕ್ಕೆ ಎಷ್ಟು ಗಾಯದ ಖರ್ಚು ಬರುತ್ತದೆ ಅಂತ ಒಂದೇ ಕಂಪನಿಯ ಗ್ರಾಹಕರನ್ನು ನೋಡಿ ಹೇಳಲಾಗದು. ಎಲ್ಲ ಕಂಪನಿಗಳ ಲೆಕ್ಕ ಒಂದೆಡೆ ಸೇರಿದರೆ ಮಾತ್ರ ನಂಬುವಂಥ ಅಂಕಿ ಸಿಗುತ್ತದೆ. ಹಾಗಾಗಿ ಕಂಪನಿಗಳು ಲೆಕ್ಕ ಕೊಡಲೇಬೇಕು. ನಿಮ್ಮ ಹೋಟೆಲಿನ ವಿಷಯ ಬ್ಯೂರೋಗೆ ತಲುಪಿದ್ದೂ ಹೀಗೇ. ಕೊಟ್ಟದ್ದು ನೀವಲ್ಲ, ನಿಮ್ಮ ವಿಮಾ ಕಂಪನಿ.

ನಮ್ಮಲ್ಲಿ ಇಎಸ್‌ಐ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನಿಸುತ್ತದೆ, ಅಲ್ವಾ? ಇಎಸ್‌ಐನಲ್ಲಿ 2019ರ ಜುಲೈಯಿಂದ ಮಾಲೀಕರ ಪಾಲು ಸಂಬಳದ ಶೇ 3.25. ಬೆಂಗಳೂರಿನ ದರ್ಶಿನಿಯಾದರೂ ಅಷ್ಟೇ, ಪೀಣ್ಯದ ಕಾರ್ಖಾನೆಯಾದರೂ ಅಷ್ಟೇ. ಹತ್ತು ಜನಕ್ಕೆ ಏಟಾದರೂ ದರ ಏರುವುದಿಲ್ಲ, ಒಬ್ಬರಿಗೂ ಆಗದಿದ್ದರೆ ಇಳಿಯುವುದೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಬಗೆಯಿಂದ ಒಂದು ದರ, ಅದರ ಮೇಲೆ ನಿಮ್ಮ ಜಾಗದ ಇತಿಹಾಸದಿಂದ ಇನ್ನೊಂದು ಗುಣಾಕಾರ. ಆ ಗುಣಾಕಾರವೇ ಎಕ್ಸ್-ಮಾಡ್.

ಸುಮ್ನೆ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನಿಮ್ಮ ವರ್ಷದ ಸಂಬಳದ ಮೊತ್ತ 4,00,000 ಡಾಲರ್. ಕಂಪನಿಯ ದರ ನೂರು ಡಾಲರ್‌ಗೆ 5. ಅಲ್ಲಿಗೆ 20,000 ಡಾಲರ್ ಆಯಿತು. ಎಕ್ಸ್-ಮಾಡ್ 100 ಇದ್ದರೆ ಅಷ್ಟೇ ಉಳಿಯುತ್ತದೆ. 85 ಇದ್ದರೆ 17,000. 120 ಇದ್ದರೆ 24,000. ನಿಮ್ಮ ಗಾತ್ರದ, ನಿಮ್ಮದೇ ಬಗೆಯ ಹೋಟೆಲಿಗೆ ಸಾಮಾನ್ಯವಾಗಿ ಬರಬಹುದಾದ ಗಾಯದ ಖರ್ಚಿಗೆ ನಿಮ್ಮ ನಿಜವಾದ ಖರ್ಚನ್ನು ಹೋಲಿಸಿ ಈ ಸಂಖ್ಯೆ ಹಾಕುತ್ತಾರೆ. ತೀರಾ ಸಣ್ಣ ವ್ಯಾಪಾರಕ್ಕೆ ಎಕ್ಸ್-ಮಾಡ್ ಇರುವುದೇ ಇಲ್ಲ. ಒಂದು ಮಟ್ಟ ದಾಟಿದ ಮೇಲೆ ಬರುತ್ತದೆ.

ಬ್ಯೂರೋದ ವರ್ಷದಲ್ಲಿ ಎರಡು ಕೆಲಸ ಮುಖ್ಯ. ಒಂದು ಇಡೀ ರಾಜ್ಯಕ್ಕೆ, ಇನ್ನೊಂದು ನಿಮ್ಮೊಬ್ಬರಿಗೆ.

ರಾಜ್ಯದ ಕೆಲಸ ಅಂದರೆ ದರದ ಸಲಹೆ. ಡಿಸೆಂಬರ್ 31ಕ್ಕೆ ಕಂಪನಿಗಳ ಲೆಕ್ಕ ಕಟ್ಟುತ್ತಾರೆ. ವಸಂತದಲ್ಲಿ ಬ್ಯೂರೋದ ಗಣಿತಜ್ಞರು, ಅಂದರೆ ಆಕ್ಚುಯರಿಗಳು, ಕೂತು ಅಂದಾಜು ಮಾಡುತ್ತಾರೆ. ಆಡಳಿತ ಸಮಿತಿ ಒಪ್ಪಿದ ಮೇಲೆ ಅದು ರಾಜ್ಯದ ಇನ್ಶೂರೆನ್ಸ್ ಕಮಿಷನರ್ ಬಳಿ ಹೋಗುತ್ತದೆ. ಬೇಸಿಗೆಯಲ್ಲಿ ಸಾರ್ವಜನಿಕರ ಎದುರು ವಿಚಾರಣೆ. ಸೆಪ್ಟೆಂಬರ್ 1ಕ್ಕೆ ಹೊಸ ದರ. ಮೊದಲು ಇದು ಜನವರಿ 1ಕ್ಕೆ ಬರುತ್ತಿತ್ತು, 2021ರಲ್ಲಿ ಬದಲಾಯಿತು.

ಈ ದರದಲ್ಲಿ ಗಾಯದ ಖರ್ಚು ಮತ್ತು ಕ್ಲೇಮ್ ನಡೆಸುವ ಖರ್ಚು ಮಾತ್ರ ಇರುತ್ತದೆ. ಬ್ರೋಕರ್ ಕಮಿಷನ್, ತೆರಿಗೆ, ಲಾಭ ಎಲ್ಲ ಕಂಪನಿ ಆಮೇಲೆ ಸೇರಿಸಿಕೊಳ್ಳುತ್ತದೆ. ಬ್ಯೂರೋ ಹೇಳಿದ್ದೇ ಕೊನೆಯ ಮಾತೂ ಅಲ್ಲ. 2024ರಲ್ಲಿ ಅದು ಶೇ 0.9 ಏರಿಕೆ ಕೇಳಿತು. ಕಮಿಷನರ್ ಶೇ 2.1 ಇಳಿಸಿದರು. 2025ರಲ್ಲಿ ಶೇ 11.2 ಕೇಳಿತು, ಒಪ್ಪಿದ್ದು ಶೇ 8.7. ಎಲ್ಲ ಉದ್ಯೋಗಗಳ ಸರಾಸರಿ ನೂರು ಡಾಲರ್ ಸಂಬಳಕ್ಕೆ 1.52 ಡಾಲರ್ ಆಯಿತು. ಏರಿಕೆಗೆ ಕೊಟ್ಟ ಕಾರಣಗಳಲ್ಲಿ ಆಸ್ಪತ್ರೆ ಖರ್ಚು ಒಂದು. ಇನ್ನೊಂದು, ಒಂದೇ ದಿನ ಆಗದೆ ವರ್ಷಗಟ್ಟಲೆ ಸೇರಿ ಬರುವ ನೋವಿನ ಕ್ಲೇಮ್‌ಗಳು. ದಿನಕ್ಕೆ ನೂರಾರು ದೋಸೆ ಹುಯ್ಯುವವರ ಹೆಗಲು ನೋವು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಗಾಗಿ ನಿಮ್ಮ ಬಿಲ್ ಏರಿಕೆಯಲ್ಲಿ ಎಕ್ಸ್-ಮಾಡ್ ಜೊತೆ ಈ ಏರಿಕೆಯ ಪಾಲೂ ಇರಬಹುದು. ಬ್ರೋಕರ್ ಹತ್ತಿರ ಎರಡನ್ನೂ ಬಿಡಿಸಿ ಹೇಳಲು ಕೇಳಿ.

ಒಪ್ಪಿಗೆಯಾದ ದರವನ್ನೇ ಕಂಪನಿಗಳು ಹಾಕಬೇಕು ಅಂತಿಲ್ಲ. 1995ಕ್ಕೆ ಮೊದಲು ಕಡಿಮೆ ಎಂದರೆ ಇಷ್ಟು ಹಾಕಲೇಬೇಕು ಎಂಬ ಕಾನೂನಿತ್ತು. ಅದು ಹೋದ ಮೇಲೆ ಕಂಪನಿಗಳು ಪೈಪೋಟಿಗೆ ಬಿದ್ದು ದರ ಇಳಿಸಿದವು. ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ದಿವಾಳಿಯಾದವು. ಅಗ್ಗದ ವಿಮೆ ಎಲ್ಲ ಸಲವೂ ಒಳ್ಳೆಯ ವಿಮೆಯಲ್ಲ ಅಂತ ನಾನು ಹೇಳುವುದು ಇದಕ್ಕೇ.

ಈಗ ನಿಮ್ಮೊಬ್ಬರ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಕ್ಸ್-ಮಾಡ್ ಶುರುವಾಗುವ ದಿನದಿಂದ 4 ವರ್ಷ 9 ತಿಂಗಳು ಹಿಂದಕ್ಕೆ ಹೋಗಿ. ಅಲ್ಲಿಂದ ಮೂರು ವರ್ಷದಲ್ಲಿ ಶುರುವಾದ ಪಾಲಿಸಿಗಳು ಲೆಕ್ಕಕ್ಕೆ ಬರುತ್ತವೆ. ಕೊನೆಯ 1 ವರ್ಷ 9 ತಿಂಗಳಲ್ಲಿ ಶುರುವಾದ ಪಾಲಿಸಿ ಬಿಟ್ಟುಹೋಗುತ್ತದೆ. 2026ರ ಜನವರಿ 1ಕ್ಕೆ ಈ ಅವಧಿ 2021ರ ಏಪ್ರಿಲ್‌ನಿಂದ 2024ರ ಮಾರ್ಚ್ ಕೊನೆಯವರೆಗೆ. ನಿಮ್ಮ ಮೂರು ಜನವರಿ ಪಾಲಿಸಿಗಳು ಅದರೊಳಗೆ ಬಿದ್ದವು.

ತಡಕ್ಕೆ ಕಾರಣ ಇದೆ. ಗಾಯದ ಖರ್ಚು ಏಟಾದ ದಿನವೇ ಗೊತ್ತಾಗುವುದಿಲ್ಲ. ಪಾಲಿಸಿ ಶುರುವಾಗಿ 18 ತಿಂಗಳಾದಾಗ ಕಂಪನಿ ಆ ಪಾಲಿಸಿಯ ಮೊದಲ ಲೆಕ್ಕ ತೆಗೆಯುತ್ತದೆ. ಆಮೇಲೆ 30 ತಿಂಗಳಿಗೆ, 42 ತಿಂಗಳಿಗೆ, ಹೀಗೆ ವರ್ಷಕ್ಕೊಮ್ಮೆ. ನಿಮ್ಮ ವಿಷಯದಲ್ಲಿ 2024ರ ಪಾಲಿಸಿಗೆ 18, 2023ಕ್ಕೆ 30, 2022ಕ್ಕೆ 42. ಮೂರೂ ಬಂದು ಸೇರಿದ್ದು 2025ರ ಜುಲೈನಲ್ಲಿ. ಆ ತಿಂಗಳು ಕಂಪನಿಯ ಕಡತದಲ್ಲಿ ಏನಿತ್ತೋ ಅದೇ ನಿಮ್ಮ 2026ರ ಹಣೆಬರಹವಾಯಿತು.

ಕಡತದಲ್ಲಿ ಇರುವುದು ಕೊಟ್ಟ ಹಣ ಮಾತ್ರ ಅಲ್ಲ. ಕೇಸ್ ಮುಗಿದಿಲ್ಲದಿದ್ದರೆ ಮುಂದೆ ಎಷ್ಟು ಬೇಕಾಗಬಹುದು ಅಂತ ಅಡ್ಜಸ್ಟರ್, ಅಂದರೆ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವವರು, ಒಂದು ಮೊತ್ತ ಎತ್ತಿಟ್ಟಿರುತ್ತಾರೆ. ಅದಕ್ಕೆ ರಿಸರ್ವ್ ಅನ್ನುತ್ತಾರೆ. ಅದೂ ಲೆಕ್ಕಕ್ಕೆ ಬರುತ್ತದೆ. ಹುಡುಗ ಗುಣವಾಗಿ ಕೆಲಸಕ್ಕೆ ಬಂದು ತಿಂಗಳುಗಳೇ ಆಗಿದ್ದರೂ, ರಿಸರ್ವ್ ಹಳೆಯದೇ ಉಳಿದಿದ್ದರೆ ನಿಮ್ಮ ಮೇಲೆ ಹೊರೆ ಬೀಳುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಅಡ್ಜಸ್ಟರ್‌ಗೆ ಫೋನ್ ಮಾಡಿ. ಕೇಸ್ ಯಾವ ಹಂತದಲ್ಲಿದೆ, ರಿಸರ್ವ್ ಮತ್ತೆ ನೋಡಬಹುದಾ ಅಂತ ಮರ್ಯಾದೆಯಿಂದ ಕೇಳಿ. ಈ ಕ್ಲೇಮ್ 2027 ಮತ್ತು 2028ರ ಎಕ್ಸ್-ಮಾಡ್‌ನಲ್ಲೂ ಇರುತ್ತದೆ. 2026ರ ಜುಲೈ ಮತ್ತು 2027ರ ಜುಲೈ, ಇನ್ನೆರಡು ಅವಕಾಶ ನಿಮಗಿವೆ.

ಹಾಗಂತ ಹುಡುಗನಿಗೆ ಸಿಗಬೇಕಾದ ಚಿಕಿತ್ಸೆ ಕಡಿಮೆ ಮಾಡಿಸಲು ಹೋಗಬೇಡಿ. ವಿಮೆ ಇರುವುದೇ ಅವನಿಗಾಗಿ. ಚಿಕ್ಕ ಏಟನ್ನು ಮುಚ್ಚಿಟ್ಟು ಕೈಯಿಂದ ದುಡ್ಡು ಕೊಡುವವರೂ ಇದ್ದಾರೆ, ಎಕ್ಸ್-ಮಾಡ್ ಕೆಡುತ್ತದೆ ಅಂತ. ಅದಕ್ಕೆ ಅರ್ಥವಿಲ್ಲ. 2019ರಿಂದ ಪ್ರತಿ ಕ್ಲೇಮ್‌ನ ಮೊದಲ 250 ಡಾಲರ್ ಎಕ್ಸ್-ಮಾಡ್ ಲೆಕ್ಕಕ್ಕೆ ಬರುವುದೇ ಇಲ್ಲ. ಬೆರಳಿಗೆ ಪಟ್ಟಿ ಕಟ್ಟಿಸಿದ ಏಟಾದರೂ ವರದಿ ಮಾಡಲಿ ಅಂತಲೇ ಈ ನಿಯಮ ತಂದರು. ದೊಡ್ಡ ಕ್ಲೇಮ್‌ಗೂ ಒಂದು ಮಿತಿ ಇದೆ. ನಿಮ್ಮ ವ್ಯಾಪಾರದ ಗಾತ್ರಕ್ಕೆ ತಕ್ಕ ಮಿತಿ ದಾಟಿದ ಖರ್ಚು ಲೆಕ್ಕ ಸೇರುವುದಿಲ್ಲ. ಒಂದೇ ದೊಡ್ಡ ಅಪಘಾತಕ್ಕಿಂತ ಪದೇ ಪದೇ ಆಗುವ ಮಧ್ಯಮ ಏಟುಗಳು ಹೆಚ್ಚು ಭಾರವಾಗುವುದು ಇದರಿಂದಲೇ. ನೆಲಕ್ಕೆ ಜಾರದ ಚಾಪೆ ಹಾಕಿಸಿದ್ದೀರಾ ಅಂತ ಕೇಳಬೇಕು ಅನಿಸುತ್ತಿದೆ.

ಇನ್ನೊಂದು ಕಡೆಯೂ ತಪ್ಪು ನುಸುಳುತ್ತದೆ: ನಿಮ್ಮನ್ನು ಯಾವ ವರ್ಗದಲ್ಲಿ ಹಾಕಿದ್ದಾರೆ ಎಂಬುದರಲ್ಲಿ. ಪ್ರತಿ ಬಗೆಯ ವ್ಯಾಪಾರಕ್ಕೂ ಬ್ಯೂರೋ ನಾಲ್ಕಂಕಿಯ ಸಂಖ್ಯೆ ಕೊಡುತ್ತದೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ 8810, ಸಾಫ್ಟ್‌ವೇರ್‌ನವರಿಗೆ 8859. ರೆಸ್ಟೋರೆಂಟ್‌ಗೆ ಬಹಳ ಕಾಲ 9079 ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಒಡೆದರು. ಟೇಬಲ್‌ಗೆ ಬಡಿಸುವ ಹೋಟೆಲ್ ಬೇರೆ, ಕೌಂಟರಿನಲ್ಲಿ ಕೊಡುವುದು ಬೇರೆ, ಬಾರ್ ಬೇರೆ, ಕೇಟರಿಂಗ್ ಬೇರೆ. ನಿಮ್ಮದು ಯಾವುದು ಅಂತ ಪಾಲಿಸಿಯಲ್ಲಿ ಒಮ್ಮೆ ನೋಡಿ. ಬ್ಯೂರೋದವರು ಕೆಲವೊಮ್ಮೆ ಜಾಗಕ್ಕೇ ಬಂದು ಪರಿಶೀಲಿಸುತ್ತಾರೆ. ಬಂದರೆ ಹೆದರಬೇಡಿ, ಅಡುಗೆಮನೆ ತೋರಿಸಿ, ಯಾರು ಏನು ಮಾಡುತ್ತಾರೆ ಅಂತ ನಿಜ ಹೇಳಿ. ಸಂಬಳದ ಲೆಕ್ಕದಲ್ಲಿ ಟಿಪ್ಸ್ ಸೇರಬಾರದು, ಅದನ್ನೂ ನೋಡಿಕೊಳ್ಳಿ. ಓವರ್‌ಟೈಮ್‌ಗೆ ಕೊಡುವ ಹೆಚ್ಚುವರಿ ಭಾಗವೂ ಸೇರಬಾರದು. ಆದರೆ ನೀವು ಅದನ್ನು ಪುಸ್ತಕದಲ್ಲಿ ಬೇರೆಯಾಗಿ ಬರೆದಿಟ್ಟಿರಬೇಕು.

ಈಗ ಬ್ರೋಕರ್ ಹತ್ತಿರ ಎಕ್ಸ್-ಮಾಡ್ ವರ್ಕ್‌ಶೀಟ್ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಮೂರು ವರ್ಷದ ಸಂಬಳ, ಪ್ರತಿ ಕ್ಲೇಮ್ ಮತ್ತು ಒಂದೂ ಕ್ಲೇಮ್ ಇಲ್ಲದಿದ್ದರೆ ನಿಮ್ಮ ಸಂಖ್ಯೆ ಎಷ್ಟಿರುತ್ತಿತ್ತು ಎಂಬುದೂ ಇರುತ್ತದೆ. ನಿಮ್ಮ ಪೇರೋಲ್ ಪುಸ್ತಕದ ಜೊತೆ ಸಾಲು ಸಾಲಾಗಿ ಹೋಲಿಸಿ. ಅಂಕಿ ತಪ್ಪಾಗಿ ಬರೆದಿದ್ದರೆ, ಅಥವಾ ಕ್ಲೇಮ್ ಕಾನೂನಿನ ಪ್ರಕಾರ ಪರಿಹಾರಕ್ಕೆ ಬರುವುದೇ ಅಲ್ಲ ಅಂತ ತೀರ್ಮಾನವಾಗಿದ್ದರೆ, ಕಂಪನಿ ತಿದ್ದುಪಡಿ ಕಳಿಸಬೇಕು. ಬ್ಯೂರೋ ಎಕ್ಸ್-ಮಾಡ್ ಮತ್ತೆ ಲೆಕ್ಕ ಹಾಕುತ್ತದೆ. ಬರೀ ರಿಸರ್ವ್ ಜಾಸ್ತಿ ಇತ್ತು ಎಂಬ ಕಾರಣಕ್ಕೆ ಹಿಂದಿನದನ್ನು ಸಾಮಾನ್ಯವಾಗಿ ತಿದ್ದುವುದಿಲ್ಲ. ಕಂಪನಿ ಕಿವಿಗೊಡದಿದ್ದರೆ ಪಾಲಿಸಿದಾರರಿಗೆ ನೆರವಾಗಲೆಂದೇ ಬ್ಯೂರೋದಲ್ಲಿ ಒಬ್ಬ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲೂ ಬಗೆಹರಿಯದಿದ್ದರೆ ಇನ್ಶೂರೆನ್ಸ್ ಕಮಿಷನರ್ ಬಳಿ ಮೇಲ್ಮನವಿ ಹಾಕಬಹುದು.